ಮುಳುಗದ ಹನಿ

ಯಾವ ಬೆರಳು ಕೊಡಲಿ ಅಂತ ಕೇಳಿದೆ.
ಯಾವುದಾದ್ರೂ ಆಗ್ತದೆ ಅಕ್ಕ, ಅಂದ ಹುಡುಗ,
ಅಂದವನೇ ನನ್ನ ಕೈ ತಿರುಗಿಸಿ ನೋಡಿ ಸುಮ್ಮನಾದ.
ಇಪ್ಪತ್ತೆಂಟು ವರ್ಷ ಗೇರುಬೀಜ ಒಡೆದ ಬೆರಳು ಇವು,
ಸಿಪ್ಪೆಯ ಎಣ್ಣೆ ಕುಡಿದು ಕಪ್ಪಾದವು,
ಆಧಾರಿನ ಮಿಷನ್ನು ಗುರುತು ಹಿಡಿಯಲಾರದೆ
ಮೂರು ಸಲ ವಾಪಸು ಕಳಿಸಿದವು.
ಕಡೆಗೆ ಉಂಗುರದ ಬೆರಳಿಗೆ ಚುಚ್ಚಿದ.

ನಾನು ಬಂದದ್ದು ಮೈಮುನಾಳ ಮಗಳಿಗೆ.
ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲವಂತೆ,
ಫ್ಯಾಕ್ಟರಿಗೆ ಫೋನು ಬಂತು,
ಅರ್ಧ ಒಡೆದ ಬೀಜ ಹಾಗೇ ಬಿಟ್ಟು
ಹಿರಿಯಡ್ಕದಲ್ಲಿ ಉಡುಪಿ ಬಸ್ಸು ಹತ್ತಿದೆವು ನಾಲ್ಕು ಜನ.
ಮೈಮುನಾ ನನ್ನ ಪಕ್ಕದ ಮಣೆಯವಳು.
ಅವಳ ರಾಶಿ ನನ್ನ ರಾಶಿಗೆ ಎಷ್ಟೋ ಸಲ ಉರುಳಿದ್ದುಂಟು,
ಕಿಲೋ ಲೆಕ್ಕದ ಕೆಲಸದಲ್ಲೂ
ಯಾರದ್ದು ಯಾವುದೆಂದು ನಾವು ಲೆಕ್ಕ ಇಟ್ಟವರಲ್ಲ.

ಗಾಜಿನ ಲೋಟದಲ್ಲಿ ಮೈಲುತುತ್ತಿನ ನೀಲಿ ನೀರು.
ಹನಿ ಬಿತ್ತು.
ಮುಳುಗಬೇಕಂತೆ. ಒಳ್ಳೆಯ ರಕ್ತಕ್ಕೆ ಭಾರ ಉಂಟಂತೆ.
ನನ್ನದು ಒಂದು ಚೂರು ಇಳಿದು, ಯೋಚಿಸಿ,
ಮೇಲೆ ಬಂದು ನಿಂತಿತು,
ಪೊಳ್ಳು ಬೀಜ ನೀರಿಗೆ ಹಾಕಿದ ಹಾಗೆ.

ಪೊಳ್ಳು ಬೀಜ ನನಗೆ ಗೊತ್ತು.
ಕೈಗೆ ಬಂದ ಕೂಡಲೇ ತಿಳೀತದೆ, ಒಡೆಯುವುದೇ ಬೇಡ.
ಇಷ್ಟು ವರ್ಷ ಅದನ್ನು ಪಕ್ಕಕ್ಕೆ ಎಸೆದವಳು
ನನ್ನ ಮೈಯನ್ನು ಮಾತ್ರ ಅಂಗೈಯಲ್ಲಿಟ್ಟು ತೂಗಲಿಲ್ಲ.

ನಿಮ್ಮದು ಕೊಡ್ಲಿಕ್ಕೆ ಆಗುದಿಲ್ಲ, ಅಂದ.
ನಾಚಿಕೆಯಾಯಿತು. ಮೈಮುನಾಳ ಮುಖ ಹೇಗೆ ನೋಡುವುದು?
ಹಿಂದೆ ನಿಂತಿದ್ದ ಹೆಲ್ಮೆಟ್ಟಿನ ಹುಡುಗ,
ಯಾರ ಕಡೆಯವನೋ, ತೋಳು ಮಡಚಿ ಒಳಗೆ ಹೋದ.

ಟೇಬಲಿನವನು, ಐವನ್ ಅಂತ ಎದೆಯ ಮೇಲೆ ಬರೆದಿತ್ತು,
ನನ್ನನ್ನು ಬಿಡಲಿಲ್ಲ.
ಸುಸ್ತು ಉಂಟಾ? ಸೆಕೆಗೆ, ಅಂದೆ.
ಮೆಟ್ಟಿಲು ಹತ್ತುವಾಗ ಏದುಸಿರು? ಪ್ರಾಯ ಆಯ್ತಲ್ಲ, ಅಂದೆ.
ನಲವತ್ತಾರು.
ಮುಟ್ಟು ಎಷ್ಟು ದಿನ?
ಅದನ್ನೆಲ್ಲ ಗಂಡು ಹುಡುಗನ ಹತ್ತಿರ ಹೇಳುವುದುಂಟಾ?
ಗೋಡೆಯ ಕ್ಯಾಲೆಂಡರಿಗೆ ಹೇಳಿದೆ: ಹದಿನಾಲ್ಕು, ಹದಿನೈದು.
ಎರಡು ವರ್ಷದಿಂದ.
ಮತ್ತೆ, ಯಾರೂ ಕೇಳದಿದ್ದರೂ, ನಾನೇ ಹೇಳಿದೆ:
ಅಕ್ಕಿ ತೊಳೆಯುವಾಗ ಹಸಿ ಅಕ್ಕಿ ತಿನ್ನುತ್ತೇನೆ,
ಮುಷ್ಟಿ ಮುಷ್ಟಿ, ಸೊಸೆ ಕಾಣದ ಹಾಗೆ.
ಅದು ಹಸಿವಲ್ಲ ಅಕ್ಕ, ಅಂತ ಮೆಲ್ಲ ಹೇಳಿದ.
ಮೈ ಕಬ್ಬಿಣ ಕೇಳುವುದು ಹಾಗೆ,
ಅದಕ್ಕೆ ಬೇರೆ ಮಾತು ಬರುವುದಿಲ್ಲ.

ಐದೂವರೆ ಇತ್ತು.
ಗರ್ಭಕೋಶದಲ್ಲಿ ಅಂಬಟೆಕಾಯಿಯಷ್ಟು ಗಡ್ಡೆ, ಒಂದಲ್ಲ, ಮೂರು.
ಕೊಡಲಿಕ್ಕೆ ಬಂದವಳಿಗೆ ಅಜ್ಜರಕಾಡಿನಲ್ಲಿ
ಮೂರು ಚೀಲ ಇಳಿಸಿದರು.
ಚೀಲದ ಮೇಲೆ ನಂಬರು ಮಾತ್ರ.
ರಾತ್ರಿ ನಿದ್ದೆ ಇಲ್ಲದೆ ಯೋಚಿಸಿದೆ:
ಯಾರಿರಬಹುದು? ಬಸ್ಸಿನ ಡ್ರೈವರನೋ,
ಮಣಿಪಾಲದಲ್ಲಿ ಓದುವ ಹುಡುಗಿಯೋ,
ಬಂಗುಡೆ ಸಾರು ತಿಂದವರೋ, ಮೀನು ಮುಟ್ಟದವರೋ.
ತೋಳಿನಲ್ಲಿ ಮೊದಲು ತಣ್ಣಗೆ,
ಮತ್ತೆ ನನ್ನದೇ ಬಿಸಿ.
ರಾಶಿಗೆ ರಾಶಿ ಉರುಳಿತ್ತು.

ಗಡ್ಡೆ ತೆಗೆದರು. ಮಾತ್ರೆ, ನುಗ್ಗೆಸೊಪ್ಪು, ಬಸಳೆ.
ಮೈಮುನಾಳ ಮೊಮ್ಮಗಳಿಗೆ ಈಗ ಎರಡು ವರ್ಷ.
ನಿನ್ನೆ ಹೋಗಿ ಅದೇ ಬೆರಳು ಕೊಟ್ಟೆ.
ಹನಿ ಸೀದಾ ತಳ ಕಂಡಿತು.
ಐವನ್ ನಗಲಿಲ್ಲ, ಮಂಚ ತೋರಿಸಿದ, ಅಷ್ಟೆ.
ಆದ ಮೇಲೆ ಬಿಸ್ಕತ್ತು, ಮಾವಿನ ಜ್ಯೂಸು.
ಬಿಸ್ಕತ್ತು ಸೆರಗಿಗೆ ಕಟ್ಟಿಕೊಂಡೆ.

ಇವತ್ತು ಬೆಳಿಗ್ಗೆ ಮಣೆಯಲ್ಲಿ ಅದನ್ನು ಬಿಚ್ಚಿದಾಗ
ಹೊಸ ಹುಡುಗಿ ಸುಗಂಧಿ ಕೈ ಚಾಚಿದಳು.
ಇಪ್ಪತ್ತಮೂರು ಪ್ರಾಯ. ಎರಡು ಮಾತಾಡಿದರೆ ಉಸಿರು ಸಾಲದು.
ಕೊಡುವ ಮೊದಲು ಆ ಕೈ ಹಿಡಿದುಕೊಂಡೆ,
ತೆಂಗಿನೆಣ್ಣೆ ಬಿಟ್ಟು ಉಗುರು ತಿಕ್ಕಿದೆ,
ಎಂತ ಅಕ್ಕ ಇದು, ಅಂತ ಅವಳು ನಗುತ್ತಿದ್ದಳು.
ಕಪ್ಪು ಬಿಡುತ್ತಾ ಬಂತು.
ಕೆಳಗೆ ಸುಣ್ಣದ ಹಾಗೆ ಬಿಳಿ.

ಹಸಿ ಅಕ್ಕಿ ತಿಂತೀಯಾ? ಅಂತ ಕೇಳಿದೆ.
ನಗು ನಿಂತಿತು.

ಹನ್ನೊಂದು ಗಂಟೆಗೆ ಒಂದು ಬಸ್ಸುಂಟು.